ಮೋರ್ಯರ ಮನೆಗೆ ಹೋದವರು: ಬೃಹತ್ ಶಿಲಾ ನೆಲೆಗಳ ವಿವರಣೆಯಲ್ಲಿ ಜನಪದ ಸಾಕ್ಷ್ಯದ ಸ್ಥಾನ

ಕರ್ನಾಟಕದ ಬೃಹತ್ ಶಿಲಾಯುಗದ ನೆಲೆಗಳನ್ನು ಕಂಡು ಬರೆದವರ ಪರಂಪರೆ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಇಂದಿನವರೆಗೆ ಅವಿಚ್ಛಿನ್ನವಾಗಿ ಸಾಗಿಬಂದಿದೆ. ಈ ಬರಹಗಳಿಗೆ ಒಂದು ಅಲಿಖಿತ ಕ್ರಮವಿದೆ. ಮೊದಲು ನೆಲೆಯ ದಿಕ್ಕು ಮತ್ತು ದೂರ, ಅನಂತರ ಗೋರಿಗಳ ಎಣಿಕೆ, ಚಪ್ಪಡಿಗಳ ಉದ್ದಗಲ, ಕಿಂಡಿಯ ವ್ಯಾಸ, ದೊರೆತ ಮಡಕೆಚೂರುಗಳ ಬಣ್ಣ; ಕೊನೆಯಲ್ಲಿ, ಬರೆಯಲೋ ಬೇಡವೋ ಎಂಬ ಸಂಕೋಚದಿಂದೆಂಬಂತೆ, ಸ್ಥಳೀಯರು ಇವನ್ನು ಮೋರ್ಯರ ಮನೆಗಳೆಂದು ಕರೆಯುತ್ತಾರೆ ಎಂಬ ಒಂದು ವಾಕ್ಯ. ಕಿಂಡಿಯ ವ್ಯಾಸವನ್ನು ಅಂಗುಲದ ಲೆಕ್ಕದಲ್ಲಿ ದಾಖಲಿಸುವ ಲೇಖನಿ ಈ ಹೆಸರನ್ನು ಹೇಳಿದವರು ಯಾರು, ಯಾವ ಸಂದರ್ಭದಲ್ಲಿ ಹೇಳಿದರು, ಅವರ ಪಕ್ಕದಲ್ಲಿದ್ದವರು ಅದನ್ನು ಒಪ್ಪಿದರೇ ಎಂಬುದನ್ನು ದಾಖಲಿಸುವುದಿಲ್ಲ. ಪುರಾತತ್ತ್ವ ಮತ್ತು ಜಾನಪದ ಎರಡೂ ಕ್ಷೇತ್ರಗಳಲ್ಲಿ ಈ ಒಂಟಿ ವಾಕ್ಯದಿಂದ ಆಗಿರುವ ಹಾನಿ ಸಣ್ಣದಲ್ಲ. ಆ ವಾಕ್ಯವನ್ನು ಒಂದು ಕಡೆ ಮೂಢನಂಬಿಕೆಯೆಂದು ತಳ್ಳಿಹಾಕಲಾಗಿದೆ. ಇನ್ನೊಂದು ಕಡೆ ಅದನ್ನೇ ಎರಡು ಸಾವಿರ ವರ್ಷಗಳ ಹಿಂದಿನ ನೆನಪೆಂದು ಎತ್ತಿಹಿಡಿಯಲಾಗಿದೆ.

ಕೊಪ್ಪಳ ಜಿಲ್ಲೆಯ ಗಂಗಾವತಿಗೆ ಸಮೀಪದ ಹಿರೇಬೆಣಕಲ್ ಗುಡ್ಡಸಾಲು ಈ ಚರ್ಚೆಗೆ ಉತ್ತಮ ನಿದರ್ಶನ. ಊರಿನಿಂದ ಬಂಡೆಗಳ ನಡುವಿನ ಏರುದಾರಿಯಲ್ಲಿ ನಡೆದೇ ತಲುಪಬೇಕಾದ ಈ ನೆಲೆಯಲ್ಲಿ ನೂರಾರು ಶಿಲಾರಚನೆಗಳಿವೆ. ದಾರಿಯ ಕಲ್ಲಾಸರೆಗಳಲ್ಲಿ ಕೆಮ್ಮಣ್ಣಿನ ಬಣ್ಣದ ಚಿತ್ರಗಳಿವೆ. ಮೇಲಿನ ಬಯಲಿನಲ್ಲಿ ಆಳೆತ್ತರವನ್ನೂ ಮೀರಿದ ಕಲ್ಮನೆಗಳು ನಿಂತಿವೆ: ಮೂರು ಬದಿಗೆ ನೆಟ್ಟ ಚಪ್ಪಡಿಗಳು, ನಾಲ್ಕನೆಯ ಬದಿಯ ಚಪ್ಪಡಿಯಲ್ಲಿ ಕೊರೆದ ದುಂಡನೆಯ ಕಿಂಡಿ, ಮೇಲೆ ಗೋಡೆಗಳನ್ನು ಮೀರಿ ಚಾಚಿಕೊಂಡ ಮುಚ್ಚುಗಲ್ಲು. ಇವುಗಳ ನಡುವೆ, ಚಪ್ಪಡಿ ಎಬ್ಬಿಸಿದ ಜಾಗವೇ ಹೊಂಡವಾಗಿ ನೀರು ನಿಂತ ಕೆರೆಯೊಂದಿದೆ. ಎ. ಸುಂದರ ಅವರು 1975ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಕೋಣೆಗೋರಿಗಳ ಅಧ್ಯಯನದಲ್ಲಿ ಇಂಥ ರಚನೆಗಳನ್ನು ವರ್ಗೀಕರಿಸಿದ ಮೇಲೆ ಇವುಗಳ ವಿನ್ಯಾಸದ ವೈವಿಧ್ಯ ವಿದ್ವತ್ ವಲಯಕ್ಕೆ ಸ್ಪಷ್ಟವಾಯಿತು. ಇವೆಲ್ಲವೂ ಶವಸಂಸ್ಕಾರದ ಗೋರಿಗಳೇ ಅಥವಾ ಕೆಲವು ಬರಿಯ ಸ್ಮಾರಕಗಳೇ ಎಂಬ ಪ್ರಶ್ನೆಯನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ಕಬ್ಬಿಣ ಬಳಸುತ್ತಿದ್ದ ಸಮುದಾಯಗಳು ಮುಖ್ಯವಾಗಿ ಕ್ರಿ.ಪೂ. ಮೊದಲ ಸಹಸ್ರಮಾನದಲ್ಲಿ ಇವನ್ನು ಕಟ್ಟಿದವು ಎಂಬಷ್ಟು ಪ್ರಸ್ತುತ ಚರ್ಚೆಗೆ ಸಾಕು.

ಈ ಗುಡ್ಡವನ್ನು ಜನ ಮೋರ್ಯರ ಗುಡ್ಡವೆನ್ನುತ್ತಾರೆ. ಮೋರ್ಯರು ಗಿಡ್ಡ ಜನ, ಬೆಂಕಿಮಳೆ ಸುರಿಯುವುದೆಂದು ಮೊದಲೇ ತಿಳಿದು ಕಲ್ಲಿನ ಮನೆ ಕಟ್ಟಿಕೊಂಡರು, ಆದರೂ ಉಳಿಯಲಿಲ್ಲ. ಅಲ್ಪಸ್ವಲ್ಪ ವ್ಯತ್ಯಾಸಗಳೊಡನೆ ದಕ್ಷಿಣ ಭಾರತದ ಹಲವೆಡೆ ಸಿಗುವ ಕಥೆಯ ಎಲುಬು ಇಷ್ಟೇ. ಇದನ್ನು ಅದ್ಭುತ ಕಲ್ಪನೆಯೆಂದು ಬದಿಗಿಡುವ ಮುನ್ನ ಕಥೆಯ ತರ್ಕವನ್ನು ಗಮನಿಸಬೇಕು. ಮನೆಯಂಥ ರಚನೆ ಇದೆ. ಬಾಗಿಲಿನ ಜಾಗದಲ್ಲಿ ಇರುವುದು ಕಿಂಡಿ ಮಾತ್ರ. ಹಾಗಾದರೆ ಒಳಹೊಕ್ಕವರು ಗಿಡ್ಡವರಿರಬೇಕು. ಮಾಡಿಗೆ ಹುಲ್ಲಿಲ್ಲ, ಮಣ್ಣಿಲ್ಲ, ಇಡೀ ಬಂಡೆಯೇ ಇದೆ. ಹಾಗಾದರೆ ಅವರು ಹೆದರಿದ್ದು ಸಾಮಾನ್ಯ ಮಳೆಗಲ್ಲ. ಇಷ್ಟೊಂದು ಮನೆಗಳಿದ್ದೂ ಒಬ್ಬ ವಾರಸುದಾರನಿಲ್ಲ. ಹಾಗಾದರೆ ಎಲ್ಲರೂ ಒಮ್ಮೆಗೇ ಅಳಿದಿರಬೇಕು. ಕಣ್ಣಿಗೆ ಕಂಡ ಮೂರು ಸಂಗತಿಗಳಿಗೆ ಕಥೆ ಮೂರು ಉತ್ತರ ಕೊಟ್ಟಿದೆ. ಉತ್ತರಗಳು ತಪ್ಪಿರಬಹುದು. ಆದರೆ ಆಕಾರದಿಂದ ಬಳಕೆಯನ್ನೂ ಬಳಕೆಯಿಂದ ಬಳಸಿದವರನ್ನೂ ಊಹಿಸುವ ಈ ವಿಧಾನ ಪುರಾತತ್ತ್ವಜ್ಞರಿಗೆ ಅಪರಿಚಿತವೇನಲ್ಲ.

ಇದಕ್ಕೆ ಎದುರಾಗಿ ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರ ಊಹೆಯನ್ನಿಟ್ಟು ನೋಡಿದರೆ ಸಂಗತಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಹೈದರಾಬಾದ್ ನಿಜಾಮರ ಸೇವೆಯಲ್ಲಿದ್ದು ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡಿದ್ದ ಫಿಲಿಪ್ ಮೆಡೋಸ್ ಟೇಲರ್, ಜೇವರ್ಗಿ ಮತ್ತು ರಾಜನ್ ಕೋಳೂರು ಪ್ರದೇಶದ ಕಲ್ಮನೆಗಳನ್ನು ಖುದ್ದಾಗಿ ಅಗೆಸಿ ನೋಡಿ, ಶ್ರದ್ಧೆಯಿಂದ ಅಳೆದು, ಚಿತ್ರಿಸಿ ಬರೆದವನು. ಮೋರ್ಯರ ಮನೆ ಎಂಬ ಹೆಸರನ್ನೂ ಕಿವಿಗೆ ಬಿದ್ದ ಹಾಗೆ ಬರೆದಿಟ್ಟವನು. ಆ ಉಪಕಾರವನ್ನು ಮರೆಯಲಾಗದು. ಆದರೆ 1860ರ ದಶಕದಲ್ಲಿ ಐರ್ಲೆಂಡಿನ ರಾಯಲ್ ಅಕಾಡೆಮಿಯ ಮೂಲಕ ಪ್ರಕಟವಾದ ಪ್ರಬಂಧದ ಶೀರ್ಷಿಕೆಯಲ್ಲಿಯೇ ಆತ ಈ ರಚನೆಗಳನ್ನು ಕೆಲ್ಟಿಕ್, ಡ್ರೂಯಿಡ್ ಅಥವಾ ಸಿಥಿಯನ್ ಸ್ಮಾರಕಗಳೆಂದು ಕರೆದ. ತನ್ನ ದೇಶದ ಕಲ್ಲುಗಳಿಗೂ ಭೀಮಾ ತೀರದ ಕಲ್ಲುಗಳಿಗೂ ಇರುವ ಹೋಲಿಕೆಯೇ ಇದಕ್ಕೆ ಆಧಾರ. ದೂರದಿಂದ ಬಂದು ಮರೆಯಾದ ಒಂದು ಜನಾಂಗ ಎಂಬ ಈ ಕಲ್ಪನೆ, ಬೆಂಕಿಮಳೆಗೆ ಸಿಕ್ಕಿ ಮರೆಯಾದ ಗಿಡ್ಡ ಜನರ ಕಲ್ಪನೆಗಿಂತ ಸತ್ಯಕ್ಕೆ ಹೆಚ್ಚು ಹತ್ತಿರವಿತ್ತೆಂದು ಇಂದು ಯಾರೂ ವಾದಿಸಲಾರರು. ಇಷ್ಟಾದರೂ ಒಂದು ಸಿದ್ಧಾಂತವೆಂದು ಸಂಶೋಧನೆಯ ಇತಿಹಾಸದಲ್ಲಿ ಸ್ಥಾನ ಪಡೆಯಿತು, ಇನ್ನೊಂದು ನಂಬಿಕೆಯೆಂದು ಅಡಿಟಿಪ್ಪಣಿಗೆ ಸರಿಯಿತು. ಒಂದಕ್ಕೆ ಕರ್ತೃವಿದ್ದ, ಇನ್ನೊಂದಕ್ಕೆ ಇರಲಿಲ್ಲ.

ಇನ್ನು ಎರಡನೆಯ ತಪ್ಪು. ಮೋರ್ಯ ಎಂದರೆ ಮೌರ್ಯ. ಆದ್ದರಿಂದ ಈ ಹೆಸರು ಮೌರ್ಯ ಸಾಮ್ರಾಜ್ಯದ ಜನಪದ ನೆನಪು ಎಂಬ ವಾದ ಸುಲಭವಾಗಿ ಮನಸ್ಸಿಗೆ ಹತ್ತುವಂಥದು. ಕೊಪ್ಪಳದಲ್ಲಿ ಅಶೋಕನ ಶಾಸನಗಳಿವೆ, ಮಸ್ಕಿಯಲ್ಲಿದೆ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿವೆ. ಉಚ್ಚಾರಣೆಯ ಸಾಮ್ಯ ಮತ್ತು ನೆಲೆಗಳ ಸಾಮೀಪ್ಯ ಎರಡೂ ಈ ವಾದಕ್ಕೆ ಅನುಕೂಲವಾಗಿವೆ. ಪ್ರವಾಸಿ ಕೈಪಿಡಿಗಳಂತೂ ಒಂದು ಹೆಜ್ಜೆ ಮುಂದೆ ಹೋಗಿ ಕಲ್ಮನೆಗಳನ್ನೇ ಮೌರ್ಯರ ಕಾಲದ ಗೋರಿಗಳೆಂದು ಬರೆದುಬಿಡುವುದುಂಟು.

ಆದರೆ ಮೌರ್ಯರ ಅಕ್ಷರ ನಿಜವಾಗಿ ಇರುವ ಬಂಡೆಗಳನ್ನು ಜನ ಏನೆಂದು ಕರೆದಿದ್ದಾರೆ? ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿಯ ಶಾಸನಬಂಡೆ ಜನರ ಬಾಯಲ್ಲಿ ಅಕ್ಷರಗುಂಡು. ಜಟಿಂಗ ರಾಮೇಶ್ವರದ ಬೆಟ್ಟದ ಮೇಲಿನದು ಬಳೆಗಾರಗುಂಡು. ಜಾತ್ರೆಯ ದಿನಗಳಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ತಾಣವಾದ್ದರಿಂದ ಆ ಹೆಸರು. ಅಲ್ಲಿಯ ಶಾಸನದ ಅಕ್ಷರಗಳು ಬಹಳ ಸವೆದಿವೆ. ಕೊಪ್ಪಳದ ಒಂದು ಶಾಸನವಿರುವುದು ಪಾಲ್ಕಿಗುಂಡಿನಲ್ಲಿ. ಬಂಡೆಗಳ ಮೇಲೆ ಕುಳಿತ ದೊಡ್ಡ ಹಾಸುಗಲ್ಲು ಪಲ್ಲಕ್ಕಿಯಂತೆ ಕಾಣುವುದರಿಂದ ಬಂದ ಹೆಸರದು. ಮೂರರಲ್ಲಿ ಒಂದೂ ಅಶೋಕನನ್ನಾಗಲಿ ಮೌರ್ಯರನ್ನಾಗಲಿ ನೆನೆಯುವುದಿಲ್ಲ. ಬ್ರಹ್ಮಗಿರಿಯ ಶಾಸನವು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ. ಆಡಳಿತ ಕೇಂದ್ರವಾಗಿದ್ದ ಆ ಇಸಿಲದ ಹೆಸರನ್ನು ವಿದ್ವಾಂಸರು ಬಂಡೆಯನ್ನು ಓದಿಯೇ ತಿಳಿಯಬೇಕಾಯಿತು. ರಾಜಾಜ್ಞೆ ಕಣ್ಣೆದುರಿಗಿದ್ದ ಕಡೆಯಲ್ಲಿಯೇ ಉಳಿಯದ ರಾಜವಂಶದ ನೆನಪು, ಆ ವಂಶಕ್ಕೆ ಸಂಬಂಧವಿಲ್ಲದ, ಬಹುಪಾಲು ಅದಕ್ಕಿಂತ ಹಿಂದಿನ ಕಲ್ಮನೆಗಳಿಗೆ ಅಂಟಿಕೊಂಡು ಉಳಿಯಿತೆಂದು ವಾದಿಸುವವರು ಆ ದಾರಿಯನ್ನು ತೋರಿಸಬೇಕಾಗುತ್ತದೆ. ಪದದ ಮೂಲ ಮೌರ್ಯವೇ ಆಗಿರಬಾರದೆಂದಲ್ಲ. ಓದುಬಲ್ಲವರ ಬಾಯಿಂದ ತೀರ ಈಚೆಗೆ ಇಳಿದಿರಲೂಬಹುದು. ಆಗ ಅದು ನೆನಪಿನ ಸಾಕ್ಷ್ಯವಾಗದೆ ವಿದ್ಯಾವಂತರ ಪ್ರಭಾವದ ಸಾಕ್ಷ್ಯವಾಗುತ್ತದೆ.

ಹೆಸರಿಗಿಂತ ಆಶಯ ಗಟ್ಟಿಯೆಂಬುದನ್ನು ನೆರೆಯ ಪ್ರದೇಶಗಳು ತೋರಿಸುತ್ತವೆ. ತಮಿಳುನಾಡಿನಲ್ಲಿ ಇದೇ ಬಗೆಯ ರಚನೆಗಳಿಗೆ ಕುಳ್ಳರ ಗುಹೆ ಎಂಬರ್ಥದ ಹೆಸರಿದೆ. ಕೇರಳದ ಮರಯೂರಿನಲ್ಲಿ ಅವು ಮುನಿಗಳ ಕೋಣೆಗಳು. ಬಹುತೇಕ ದಕ್ಷಿಣದಲ್ಲೆಲ್ಲ ಪಾಂಡವರವು. ಕನ್ನಡನಾಡಿನಲ್ಲಿಯೂ ಮೋರ್ಯರ ಜತೆಗೆ ಪಾಂಡವರು ಇದ್ದೇ ಇದ್ದಾರೆ. ವನವಾಸಿಗಳಾದ ಪಾಂಡವರು ಎಲ್ಲಿಗೂ ಬಂದಿರಬಹುದಾದವರು, ಎಲ್ಲಿಯೂ ನಿಲ್ಲದವರು. ಒಡೆಯರಿಲ್ಲದ ಕಟ್ಟಡಕ್ಕೆ ಅವರಿಗಿಂತ ಅನುಕೂಲದ ಒಡೆಯರು ಸಿಗಲಾರರು. ನಿವಾಸಿಯ ಹೆಸರು ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಈ ಮನೆ ನಮ್ಮವರದಲ್ಲ, ನಮಗಿಂತ ಮುಂಚೆ ಇಲ್ಲಿ ಬೇರೆಯವರಿದ್ದರು ಎಂಬ ತಿಳಿವಳಿಕೆ ಬದಲಾಗುವುದಿಲ್ಲ. ತಾನು ಉಳುವ ನೆಲಕ್ಕೆ ತಾನೇ ಮೊದಲಿಗನೆಂದು ಹೇಳಿಕೊಳ್ಳುವುದು ಎಲ್ಲ ಸಮುದಾಯಗಳಿಗೂ ಪ್ರಿಯವಾದ ಮಾತು. ಅದಕ್ಕೆ ವಿರುದ್ಧವಾದ ಒಪ್ಪಿಗೆಯೊಂದು ಈ ಕಥೆಗಳಲ್ಲಿ ಅಡಗಿದೆ. ಜಾನಪದ ಅಧ್ಯಯನ ಕೈಗೆತ್ತಿಕೊಳ್ಳಬೇಕಾದ ಸಾಕ್ಷ್ಯ ಇದು: ಕಟ್ಟಿದವರ ಬಗ್ಗೆ ಅಲ್ಲ, ಅನಂತರ ಬಂದು ಆ ಕಲ್ಲುಗಳ ನಡುವೆ ದನ ಮೇಯಿಸಿದವರ ಬಗ್ಗೆ.

ಜೀವಂತ ಆಚರಣೆಯನ್ನು ಪ್ರಾಗಿತಿಹಾಸದ ಓದಿಗೆ ಬಳಸಿದ ಗಂಭೀರ ಪ್ರಯತ್ನ ನಡೆದಿರುವುದು ಕಲ್ಮನೆಗಳಿಗಿಂತ ಹಿಂದಿನ ನವಶಿಲಾಯುಗದ ಬೂದಿದಿಬ್ಬಗಳ ವಿಷಯದಲ್ಲಿ. ಹಂಪೆಯ ಬಳಿಯ ನಿಂಬಾಪುರದ ದಿಬ್ಬ ವಾಲಿಯ ಚಿತೆಯೆಂದೂ, ಬಳ್ಳಾರಿ ಸೀಮೆಯ ಕುಡತಿನಿಯದು ಭೀಮ ಕೊಂದ ಹಿಡಿಂಬನದೆಂದೂ ಪ್ರತೀತಿ. ಇವು ದನದ ಸಗಣಿ ಸುಟ್ಟ ಬೂದಿಯೆಂದು ರಾಬರ್ಟ್ ಬ್ರೂಸ್ ಫೂಟ್ ಗುರುತಿಸಿದ. 1957ರಲ್ಲಿ ಉಟ್ನೂರಿನಲ್ಲಿ ಉತ್ಖನನ ನಡೆಸಿದ ಎಫ್.ಆರ್. ಆಲ್ಚಿನ್ ಅಲ್ಲಿ ದನದ ದೊಡ್ಡಿಯ ಕುರುಹುಗಳನ್ನು ಕಂಡು, 1963ರ ತಮ್ಮ ಗ್ರಂಥದಲ್ಲಿ ಮತ್ತೆ ಮತ್ತೆ ಬೆಂಕಿಯಿಟ್ಟದ್ದಕ್ಕೆ ಕಾರಣವನ್ನು ಇಂದಿನ ಬೆಂಕಿಯ ಹಬ್ಬಗಳಲ್ಲಿ ಅರಸಿದರು. ಸಂಕ್ರಾಂತಿಯಂದು ದನಗಳಿಗೆ ಕಿಚ್ಚು ಹಾಯಿಸುವ ಪದ್ಧತಿಯನ್ನು ಬಲ್ಲ ಕನ್ನಡ ಓದುಗರಿಗೆ ಈ ಹೋಲಿಕೆ ಆಕರ್ಷಕವೆನಿಸುವುದು ಸಹಜ. ಹಳ್ಳಿಯ ಆಚರಣೆಯನ್ನು ಸಾಕ್ಷ್ಯವೆಂದು ಗೌರವಿಸಿದ್ದು ಆಲ್ಚಿನ್ ಅವರ ಹಿರಿಮೆ. ಆದರೆ ಹಬ್ಬ ಮತ್ತು ದಿಬ್ಬಗಳ ನಡುವಿನ ನಾಲ್ಕು ಸಾವಿರ ವರ್ಷಗಳಷ್ಟು ಅಂತರಕ್ಕೆ ಸೇತುವೆಯಿಲ್ಲ. ಕುತೂಹಲದ ಸಂಗತಿ ಬೇರೊಂದಿದೆ. ಇವು ಜ್ವಾಲಾಮುಖಿಯ ಉಳಿಕೆಗಳಿರಬಹುದೇ ಎಂದು ವಿದ್ವಾಂಸರು ಚರ್ಚಿಸುತ್ತಿದ್ದಾಗ, ಯಾರೋ ಬೇಕೆಂದೇ ಇಟ್ಟ ಬೆಂಕಿ ಎಂಬಷ್ಟನ್ನು ಚಿತೆಯ ಕಥೆ ಸರಿಯಾಗಿಯೇ ಹೇಳುತ್ತಿತ್ತು.

ಜನಪದದ ಹೆಸರಿನಲ್ಲಿ ಬರುವುದೆಲ್ಲ ನಿರುಪದ್ರವಿಯೆಂದು ಇದರಿಂದ ಭಾವಿಸಬೇಕಾಗಿಲ್ಲ. ಮೋರ್ಯರ ಕಥೆಯಂತೆಯೇ ನಿಧಿಯ ಕಥೆಯೂ ಮೌಖಿಕ ಪರಂಪರೆಯದೇ. ಹಿರೇಬೆಣಕಲ್ಲಿನಲ್ಲಿ ಉರುಳಿಬಿದ್ದ ಮುಚ್ಚುಗಲ್ಲುಗಳಲ್ಲಿ, ಒಡೆದ ಚಪ್ಪಡಿಗಳಲ್ಲಿ ನಿಧಿಗಳ್ಳರ ಕೈವಾಡ ಕಾಣುತ್ತದೆ. ಒಂದೇ ಗುಡ್ಡದ ಮೇಲಿನ ಈ ಎರಡು ಕಥೆಗಳನ್ನು ಹೇಳುವವರು ಒಂದೇ ಜನವೇ? ದನಗಾಹಿಗಳ ನಡುವೆ ನಿಧಿಯ ಮಾತು ಎಷ್ಟು ಹಳೆಯದು? ಕಲ್ಲುಗಳ ಉಳಿವಿಗೆ ನೇರ ಸಂಬಂಧವಿರುವ ಈ ಪ್ರಶ್ನೆಗಳನ್ನು ಸ್ಮಾರಕ ರಕ್ಷಣೆಯ ಚರ್ಚೆಯಲ್ಲಿ ಎತ್ತುವವರು ವಿರಳ. ಕಾವಲುಗಾರನಿಲ್ಲದ ಗುಡ್ಡವನ್ನು ಅಷ್ಟಿಷ್ಟು ಕಾಯುವುದು ಅಲ್ಲಿಗೆ ಹೋಗಿಬರುವವರ ಕಣ್ಣುಗಳೇ ಆದ್ದರಿಂದ, ಆ ಕಣ್ಣುಗಳು ಕಲ್ಮನೆಯನ್ನು ಏನೆಂದು ಕಾಣುತ್ತವೆ ಎಂಬುದು ಆಡಳಿತಕ್ಕೂ ಬೇಕಾದ ತಿಳಿವಳಿಕೆ.

2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಅದರಿಂದ ನೆಲೆಗೆ ಹೆಸರು ಬಂದಿದೆ. ಹೆಸರಿನ ಹಿಂದೆ ಜನರೂ ಬರುತ್ತಾರೆ. ಬಂದವರಿಗೆ ವಿವರಣೆ ಬೇಕು, ಫಲಕ ಬೇಕು. ಫಲಕವಾದರೋ ಒಂದೇ ಮಾತನ್ನು ಹೇಳಬಲ್ಲದು, ಮತ್ತು ಒಮ್ಮೆ ಬರೆದ ಮಾತು ಕೆಲವೇ ವರ್ಷಗಳಲ್ಲಿ ಊರವರ ಬಾಯಿಗೂ ಬರುತ್ತದೆ. ಮುಂದೆ ಬರುವ ಕ್ಷೇತ್ರಕಾರ್ಯಕರ್ತ ಅದನ್ನೇ ಮೌಖಿಕ ಪರಂಪರೆಯೆಂದು ಬರೆದುಕೊಳ್ಳುತ್ತಾನೆ. ಆದ್ದರಿಂದ ಗುಡ್ಡದ ಸುತ್ತಣ ಊರುಗಳಲ್ಲಿ ಕಥೆಯ ಪಾಠಾಂತರಗಳನ್ನು, ಹೇಳಿದವರ ವಯಸ್ಸು, ಕಸುಬು, ಸಂದರ್ಭಗಳೊಡನೆ ದಾಖಲಿಸುವ ಕೆಲಸ ಪ್ರವಾಸಿ ಸೌಕರ್ಯಗಳಿಗಿಂತ ಮೊದಲು ನಡೆಯಬೇಕಾದದ್ದು. ಸ್ಥಳನಾಮಗಳನ್ನೂ ಹಾಗೆಯೇ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಿಲಸ್ಕಲ್ ಎಂಬ ಊರಿನ ಹೆಸರಿನಲ್ಲಿ, ನೆಟ್ಟು ನಿಲ್ಲಿಸಿದ ಕಲ್ಲು ಎಂಬ ಪಾರಿಭಾಷಿಕ ಪದ ಪುರಾತತ್ತ್ವಜ್ಞರು ಬರುವ ಮೊದಲೇ ಸಿದ್ಧವಾಗಿತ್ತು. ಅಲ್ಲಿಯ ಕಲ್ಲುಗಳ ಸಾಲಿಗೂ ಸೂರ್ಯನ ಅಯನಗಳಿಗೂ ಸಂಬಂಧವಿದೆಯೆಂಬ ಸಂಶೋಧನೆ 2010ರ ದಶಕದಲ್ಲಿ ಪ್ರಕಟವಾಗಿದೆ. ಸುತ್ತಲಿನ ಬೇಸಾಯಗಾರರು ಆ ಕಲ್ಲುಗಳನ್ನು ಯಾವುದಕ್ಕಾದರೂ ಗುರುತಾಗಿ ಬಳಸುತ್ತಿದ್ದರೇ ಎಂಬುದು ಅದರ ಜೊತೆಗೇ ಕೇಳಬೇಕಾಗಿದ್ದ ಪ್ರಶ್ನೆ.

ಹಿರೇಬೆಣಕಲ್ ಗುಡ್ಡದ ಮೇಲೆ, ಬಂಡೆಯೊಂದರ ನೆತ್ತಿಯಲ್ಲಿ ನಗಾರಿಯಾಕಾರದ ಭಾರಿ ಗುಂಡೊಂದಿದೆ. ಬಡಿದರೆ ಅದರ ಸದ್ದು ಒಂದು ಕಿಲೋಮೀಟರಿನಷ್ಟು ದೂರ ಕೇಳಿಸುವುದೆಂದು ಬಹುತೇಕ ಎಲ್ಲ ವಿವರಣೆಗಳೂ ಹೇಳುತ್ತವೆ. ಬಳ್ಳಾರಿ ಬಳಿಯ ಕುಪ್ಪಗಲ್ಲಿನ ನಾದಶಿಲೆಗಳನ್ನು ಕುರಿತು ನಿಕೋಲ್ ಬೋವಿನ್ 2004ರಲ್ಲಿ ಬರೆದ ಮೇಲೆ ಇಂಥ ಕಲ್ಲುಗಳತ್ತ ವಿದ್ವಾಂಸರ ಗಮನ ಹರಿದಿದೆ. ಸದ್ದು ಹೋಗುವ ದೂರವನ್ನು ಅಂದಾಜು ಮಾಡಿದ ವಿವರಣೆಗಳು ಆ ದೂರದಲ್ಲಿ ಇದ್ದವರಾರು, ಅವರು ಆ ಸದ್ದನ್ನು ಯಾವ ಹೊತ್ತಿನಲ್ಲಿ ಕೇಳುತ್ತಿದ್ದರು, ಕೇಳಿದಾಗ ಏನೆಂದುಕೊಳ್ಳುತ್ತಿದ್ದರು ಎಂಬುದನ್ನು ವಿಚಾರಿಸುವುದಿಲ್ಲ. ಗುಡ್ಡದ ಕೆಳಗಿನ ಊರುಗಳಲ್ಲಿ ಇದಕ್ಕೆ ಉತ್ತರ ಹೇಳಬಲ್ಲ ಹಿರಿಯರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.