‘ಚೆನ್ನಾಗಿದೆ’ ಅಂದ ಮೇಲೆ

ಹಾಸನದಿಂದ ಸಾಲಗಾಮೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಮೊದಲೇ, 1960ರಲ್ಲಿ ಶುರುವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಸಿಗುತ್ತದೆ. ಅದೇ ಜಿಲ್ಲೆಯ ಅರಕಲಗೂಡು ತಾಲೂಕಿನಲ್ಲಿ, ಕಾವೇರಿಯ ದಂಡೆಯ ಮೇಲೆ ರುದ್ರಪಟ್ಟಣವಿದೆ. ಆರ್.ಕೆ. ಶ್ರೀಕಂಠನ್ ಅವರ ಊರು, ರುದ್ರಪಟ್ಟಣಂ ಸಹೋದರರೆಂದೇ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಅವರ ಊರು, ಆರ್.ಕೆ. ಪದ್ಮನಾಭ ಅವರು ತಂಬೂರಿಯ ಆಕಾರದ ಗುಡಿ ಕಟ್ಟಿಸಿ ಪ್ರತಿವರ್ಷ ಸಂಗೀತೋತ್ಸವ ನಡೆಸಿಕೊಂಡು ಬಂದ ಊರು. ಒಂದು ಕಡೆ ಧ್ವನಿಯನ್ನು ಅಂಕಿಗಳನ್ನಾಗಿ ಮಾಡುವ ವಿದ್ಯೆ, ಇನ್ನೊಂದು ಕಡೆ ಧ್ವನಿಯನ್ನು ನಾದವಾಗಿಸುವ ವಿದ್ಯೆ. ಎರಡೂ ಒಂದೇ ಜಿಲ್ಲೆಯಲ್ಲಿದ್ದರೂ ಒಂದರ ಮನೆಗೆ ಇನ್ನೊಂದು ಹೋಗಿದ್ದು ಕಡಿಮೆ.

ಈ ಮಾತು ನೆನಪಾಗಲು ಕಾರಣ ಒಬ್ಬ ಹುಡುಗ. ಸಾಲಗಾಮೆ ಕಡೆಯವನು, ಎಂಜಿನಿಯರಿಂಗ್ ಓದುತ್ತಿದ್ದ. ಒಂದು ಸಂಜೆ ಲ್ಯಾಪ್‌ಟಾಪ್ ತೆರೆದು ತಾನೇ ಮಾಡಿದ ನಾಲ್ಕು ನಿಮಿಷದ ಒಂದು ರಚನೆ ಕೇಳಿಸಿದ. ಮನೆಯ ತಗಡಿನ ಸೂರಿನ ಮೇಲೆ ಬೀಳುವ ಮಳೆಯನ್ನು ಫೋನಿನಲ್ಲಿ ಹಿಡಿದು, ಆ ಸದ್ದನ್ನು ಕತ್ತರಿಸಿ, ಎಳೆದು, ಒಂದರ ಮೇಲೊಂದು ಪೇರಿಸಿದ್ದ. ನಡುವೆ ಮಳೆ ನಿಲ್ಲುತ್ತದೆ. ಅವನ ಅಜ್ಜಿ ಸೋಬಾನೆ ಗುನುಗುವ ದನಿ ಬರುತ್ತದೆ. ಮಳೆ ನಿಂತದ್ದಕ್ಕೂ ದನಿ ಹುಟ್ಟುವುದಕ್ಕೂ ನಡುವಿನ ಜಾಗದಲ್ಲಿ ಸಿನಿಮಾ ಹಿನ್ನೆಲೆ ಸಂಗೀತದಂತಹ ಒಂದು ದಪ್ಪನೆಯ ಗುಂಯ್‌ಕಾರ ತುಂಬಿಸಿದ್ದ.

“ಹೇಗಿದೆ ಸಾರ್?”

“ಚೆನ್ನಾಗಿದೆ ಕಣಪ್ಪ” ಅಂದೆ.

ಅವನು ಸ್ವಲ್ಪ ಹೊತ್ತು ಕಾದ. ನನ್ನಿಂದ ಮುಂದಿನ ಮಾತು ಬರಲಿಲ್ಲ. ಇದನ್ನೇ ಸಂಗೀತ ಕಲಿಸುವ ಒಬ್ಬರಿಗೆ ಕೇಳಿಸಿದಾಗ “ಇದು ಯಾವ ರಾಗ?” ಅಂದರಂತೆ. ಗೆಳೆಯರು “ಯಾವ ಆ್ಯಪು?” ಅಂದರಂತೆ. ರಾಗ ಕೇಳಿದವರು, ಆ್ಯಪು ಕೇಳಿದವರು, ‘ಚೆನ್ನಾಗಿದೆ’ ಅಂದ ನಾನು: ಮೂವರಲ್ಲಿ ಯಾರೂ ಅವನ ರಚನೆಯನ್ನು ಕೇಳಿರಲಿಲ್ಲ. ಕಥೆಯ ಹಸ್ತಪ್ರತಿಯನ್ನೋ ಕವಿತೆಯನ್ನೋ ಕೊಟ್ಟಿದ್ದರೆ ಅರ್ಧ ಗಂಟೆ ಮಾತಾಡುತ್ತಿದ್ದವನು ನಾಲ್ಕು ನಿಮಿಷದ ಸದ್ದಿನ ಮುಂದೆ ಮೂಕನಾದೆ. ಅದು ನನ್ನೊಬ್ಬನ ಕಿವಿಯ ದೋಷವಷ್ಟೇ ಅಲ್ಲ, ನಮ್ಮ ಸಂಸ್ಕೃತಿಯಲ್ಲಿರುವ ಒಂದು ಖಾಲಿ ಕೋಣೆಯ ಕಥೆ ಎಂದು ಆಮೇಲೆ ಅನ್ನಿಸಿತು.

ಆ ಕೋಣೆ ಬೇರೆ ಕಡೆ ಹೇಗಿದೆ ನೋಡೋಣ. ಜರ್ಮನಿಯ ಡಾರ್ಮ್‌ಸ್ಟಾಟ್ ಎಂಬ ಊರಿನಲ್ಲಿ, ಯುದ್ಧದಲ್ಲಿ ಊರು ಸುಟ್ಟು ನೆಲಸಮವಾಗಿದ್ದ ಹೊತ್ತಿನಲ್ಲೇ, 1946ರಲ್ಲಿ ಹೊಸ ಸಂಗೀತದ ಬೇಸಿಗೆ ಶಿಬಿರ ಶುರುವಾಯಿತು. ಅದು ಇವತ್ತಿಗೂ ನಡೆಯುತ್ತಿದೆ. ಪ್ಯಾರಿಸ್ಸಿನಲ್ಲಿ ಪಿಯೆರ್ ಬುಲೆಜ್ ಕಟ್ಟಿದ, 1977ರಲ್ಲಿ ಬಾಗಿಲು ತೆರೆದ ‘ಇರ್‌ಕಾಮ್’ ಸಂಸ್ಥೆ ಬೇಸಿಗೆಯಲ್ಲಿ ಸಂಗೀತ ರಚನೆ ಮತ್ತು ಕಂಪ್ಯೂಟರ್ ಸಂಗೀತದ ಅಕಾಡೆಮಿ ನಡೆಸುತ್ತದೆ. ಇಂಥ ಕಡೆ ಉಪನ್ಯಾಸಗಳು ಇರುತ್ತವೆ, ಯಂತ್ರಗಳೂ ಇರುತ್ತವೆ. ಆದರೆ ನಿಜವಾದ ಕೆಲಸ ನಡೆಯುವುದು ಇನ್ನೊಂದು ಕಡೆ. ವಿದ್ಯಾರ್ಥಿ ಅರೆಬರೆ ರಚನೆ ತರುತ್ತಾನೆ, ನುರಿತ ವಾದಕರು ಅದನ್ನು ಅವನ ಎದುರಿಗೇ ನುಡಿಸುತ್ತಾರೆ, ಎಲ್ಲರೂ ಕೂತು ಕೇಳುತ್ತಾರೆ. ಕಾಗದದ ಮೇಲೆ ಚಂದ ಕಂಡದ್ದು ಕಿವಿಯಲ್ಲಿ ಸೋಲುತ್ತದೆ. ಆ ಸೋಲು ಎಲ್ಲಿ, ಯಾಕೆ ಎಂದು ಮಾತಾಡುತ್ತಾರೆ.

ಈ ಕಥೆಯಲ್ಲಿ ನಮ್ಮ ನೆಲದವರೊಬ್ಬರಿದ್ದಾರೆ. 1945ರಲ್ಲಿ ಕಲ್ಕತ್ತದಲ್ಲಿ ಹುಟ್ಟಿದ ಕ್ಲಾರೆನ್ಸ್ ಬಾರ್ಲೋ 1982ರಿಂದ 1994ರವರೆಗೆ ಡಾರ್ಮ್‌ಸ್ಟಾಟ್ ಶಿಬಿರದ ಕಂಪ್ಯೂಟರ್ ಸಂಗೀತದ ಹೊಣೆ ಹೊತ್ತಿದ್ದರು. ಒಂದು ಆವರ್ತದಲ್ಲಿ ಯಾವ ಎಣಿಕೆ ಎಷ್ಟು ಅನಿವಾರ್ಯ, ಯಾವುದನ್ನು ಬಿಟ್ಟರೂ ಲಯ ನಿಲ್ಲುತ್ತದೆ, ಯಾವುದನ್ನು ಬಿಟ್ಟರೆ ಕುಸಿಯುತ್ತದೆ ಎಂಬುದನ್ನು ಅವರು ಅಂಕಿಗಳಲ್ಲಿ ಲೆಕ್ಕ ಹಾಕಿದ್ದರು. ಮೃದಂಗ ಕಲಿತ ಹುಡುಗನಿಗೆ ಈ ಪ್ರಶ್ನೆ ಹೊಸತಲ್ಲ. ಅದನ್ನು ಬರೆದು ಇಟ್ಟು, ಕಂಪ್ಯೂಟರಿಗೆ ಕೊಟ್ಟು, ಬಂದದ್ದನ್ನು ನಾಲ್ಕು ಜನರ ಮುಂದೆ ಕೇಳಿಸಬಹುದು ಎಂಬುದು ಹೊಸತು.

ಲೆಕ್ಕಕ್ಕೂ ನಾದಕ್ಕೂ ನಮ್ಮಲ್ಲಿ ಹಳೆಯ ನೆಂಟಸ್ತಿಕೆ. ಕನ್ನಡ ಓದಿದವರು ಛಂದಸ್ಸಿನ ತರಗತಿಯಲ್ಲಿ ಪ್ರಸ್ತಾರ ಹಾಕಿರುತ್ತಾರೆ: ಲಘು ಗುರುಗಳನ್ನು ಬದಲಿಸುತ್ತ ಹೋದರೆ ಮೂರಕ್ಷರಕ್ಕೆ ಎಂಟು ಗಣ. 10ನೇ ಶತಮಾನದ ನಾಗವರ್ಮ ‘ಛಂದೋಂಬುಧಿ’ಯಲ್ಲಿ ಈ ಲೆಕ್ಕಕ್ಕೆಂದೇ ಷಟ್ಪ್ರತ್ಯಯಗಳ ಭಾಗವನ್ನಿಟ್ಟಿದ್ದಾನೆ. 13ನೇ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಇದನ್ನೇ ಸ್ವರಗಳಿಗೆ ಹೊಂದಿಸಿದ. ಏಳು ಸ್ವರಗಳನ್ನು ಒಂದೊಂದು ಸಲ ಮಾತ್ರ ಬಳಸಿ ಜೋಡಿಸಿದರೆ 5040 ಕ್ರಮಗಳು. ‘ಖಂಡಮೇರು’ ಎಂಬ ಕೋಷ್ಟಕ ಇಟ್ಟುಕೊಂಡರೆ, ಪೂರ್ತಿ ಪಟ್ಟಿ ಬರೆಯದೆಯೇ ಇಷ್ಟನೆಯ ಕ್ರಮ ಯಾವುದು ಎಂದು ಹೇಳಬಹುದು. ಅದು ನಷ್ಟ. ಈ ಕ್ರಮ ಎಷ್ಟನೆಯದು ಎಂದೂ ಹೇಳಬಹುದು. ಅದು ಉದ್ದಿಷ್ಟ. ಸಾಲಗಾಮೆ ರಸ್ತೆಯ ಕಾಲೇಜಿನ ಯಾವ ವಿದ್ಯಾರ್ಥಿಗಾದರೂ ಇದನ್ನು ಪ್ರೋಗ್ರಾಂ ಮಾಡಲು ಅರ್ಧ ದಿನ ಸಾಕು.

ಇಷ್ಟು ಹೇಳಿದ ಕೂಡಲೇ ‘ಕಂಪ್ಯೂಟರ್ ಸಂಗೀತ ನಮ್ಮಲ್ಲಿ ಆಗಲೇ ಇತ್ತು’ ಎಂದು ಎದೆ ತಟ್ಟಿಕೊಳ್ಳುವವರಿದ್ದಾರೆ. ಅದು ಸರಿಯಲ್ಲ. ಪ್ರಸ್ತಾರ ಪಟ್ಟಿ ಕೊಡುತ್ತದೆ, ರಚನೆ ಕೊಡುವುದಿಲ್ಲ. 5040ರಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು, ಹಿಡಿದದ್ದರ ಮುಂದೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬಲ್ಲಿ ರಚನೆ ಶುರುವಾಗುತ್ತದೆ. ಪಟ್ಟಿಯನ್ನು ನಾವು ಪರೀಕ್ಷೆಗೆ ಉರು ಹೊಡೆದೆವು. ಆರಿಸುವ ವಿದ್ಯೆಯನ್ನು ಕಲಿಸಲಿಲ್ಲ.

ಯಂತ್ರ ನಮ್ಮ ಸಂಗೀತಕ್ಕೆ ಬಂದದ್ದೂ ಇದೇ ಮನೋಭಾವದ ಹಿಂಬಾಗಿಲಿನಿಂದ. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಅವರು ಎಂಜಿನಿಯರ್, ಕೊಳಲು ವಾದಕರೂ ಹೌದು. ಅವರ ‘ರಾಡೆಲ್’ ಪೆಟ್ಟಿಗೆ ಇವತ್ತು ಕಛೇರಿಗಳಲ್ಲೂ ಪಾಠದ ಮನೆಗಳಲ್ಲೂ ಕಾಣುತ್ತದೆ. ಅದು ದೊಡ್ಡ ಉಪಕಾರ, ಅನುಮಾನವಿಲ್ಲ. ಆದರೆ ಆ ಪೆಟ್ಟಿಗೆಗೆ ನಾವು ಒಪ್ಪಿಸಿದ ಕೆಲಸ ಒಂದೇ: ತಂಬೂರಿಯಂತೆ ಇರು, ಹಿಂದೆ ಕೂತಿರು. ಯಂತ್ರ ಅನುಕರಣೆ ಮಾಡಿದರೆ ಸೈ, ಪ್ರಶ್ನೆ ಕೇಳಿದರೆ ಅಪಚಾರ.

ಯಂತ್ರ ಮುಂದೆ ಬಂದು ಕೂತ ಒಂದು ಪ್ರಸಂಗವೂ ಈ ದೇಶದಲ್ಲಿದೆ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಒಂದು ಮೂಗ್ ಸಿಂಥಸೈಜರ್ ಬಂತು, ಅಮೆರಿಕದ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೋ ಹೂಡಿಕೊಟ್ಟರು. ಗೀತಾ ಸಾರಾಭಾಯಿ ಸೇರಿದಂತೆ ಕೆಲವರು ಅಲ್ಲಿ ಸದ್ದಿನ ರಚನೆಗಳನ್ನು ಮಾಡಿದರು. ಕೆಲವೇ ವರ್ಷಗಳಲ್ಲಿ ಎಲ್ಲ ನಿಂತಿತು. ಟೇಪುಗಳು ಸಂಸ್ಥೆಯ ಕಪಾಟು ಸೇರಿದವು. ಅವು ಆಲ್ಬಂ ಆಗಿ ಹೊರಬಂದದ್ದು 2023ರಲ್ಲಿ. ಆ ರಚನೆಗಳು ಒಳ್ಳೆಯವೋ ಕೆಟ್ಟವೋ ಎಂಬ ಜಗಳವಾದರೂ ಆಗಿನ ಕಾಲದಲ್ಲಿ ಬೀದಿಗೆ ಬಂದಿದ್ದರೆ, ಅವುಗಳ ಮೇಲೆ ಇನ್ನೊಂದು ತಲೆಮಾರು ನಿಲ್ಲಬಹುದಿತ್ತು. ಯಂತ್ರವಿದ್ದೂ ಕೇಳುಗರ ಕೂಟ ಬೆಳೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆ ಕಪಾಟೇ ಸಾಕ್ಷಿ.

ಕನ್ನಡದವರಿಗೆ ಇಂಥ ಕೂಟ ಕಟ್ಟಲು ಬರುವುದಿಲ್ಲವೆಂದಲ್ಲ. ಸಾಹಿತ್ಯದಲ್ಲಿ ಕಥಾ ಕಮ್ಮಟಗಳಿವೆ, ಕಾವ್ಯ ಕಮ್ಮಟಗಳಿವೆ. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ನೀನಾಸಂ ನಾಟಕಕ್ಕೆ, ಸಿನಿಮಾಕ್ಕೆ, ವಿಚಾರಕ್ಕೆ ಶಿಬಿರ ಮಾಡಿ ತೋರಿಸಿದರು. ನಾಟಕ ನೋಡಿ ಮರುದಿನ ಬೆಳಿಗ್ಗೆ ಅದನ್ನು ಮುಖಕ್ಕೆ ಮುಖ ಕೊಟ್ಟು ಚರ್ಚಿಸುವುದನ್ನು ನಾವು ಅಲ್ಲಿ ಕಲಿತೆವು. ಕಮ್ಮಟವೆಂದರೆ ಮೂಲದಲ್ಲಿ ನಾಣ್ಯ ಟಂಕಿಸುವ ಜಾಗ. ಕುದಿಸಿ, ತೂಗಿ, ಅಚ್ಚೊತ್ತುವ ಕೆಲಸ ಅಲ್ಲಿ. ಕಥೆಗೆ ಅಂಥ ಕಮ್ಮಟವಿರುವಾಗ ಸಂಗೀತ ರಚನೆಗೆ ಯಾಕಿಲ್ಲ? ಬೇಸಿಗೆ ಬಂದರೆ ಸಂಗೀತ ಶಿಬಿರಗಳೇನೋ ಊರೂರಲ್ಲಿ ನಡೆಯುತ್ತವೆ. ಅಲ್ಲಿ ಮಕ್ಕಳು ಹೇಳಿಕೊಟ್ಟದ್ದನ್ನು ಹೇಳುತ್ತಾರೆ, ಕೊನೆಯ ದಿನ ವೇದಿಕೆ ಏರುತ್ತಾರೆ.

ವಾಗ್ಗೇಯಕಾರ ಎಂದರೆ ಸಂತ ಎಂಬ ನಂಬಿಕೆ ನಮ್ಮನ್ನು ಕಟ್ಟಿಹಾಕಿದೆ ಎಂದು ನನಗೆ ಅನಿಸುತ್ತದೆ. ಸಂತರ ಕೃತಿಗೆ ಕೈ ಮುಗಿಯಬಹುದು, ತಿದ್ದುವುದು ಹೇಗೆ? ಅರಮನೆಯಲ್ಲಿದ್ದುಕೊಂಡೇ 94 ಕೃತಿಗಳನ್ನು ರಚಿಸಿದ, ಜೊತೆಗೆ ರಷ್ಯದ ಮೆಟ್ನರ್‌ನ ಪಿಯಾನೊ ಸಂಗೀತದ ಧ್ವನಿಮುದ್ರಣಕ್ಕೆ ಹಣ ಕೊಟ್ಟ ಜಯಚಾಮರಾಜ ಒಡೆಯರ್ ನಮ್ಮ ಹತ್ತಿರದ ಕಾಲದವರೇ. ಅವರ ಆ ಎರಡು ಕಿವಿಗಳ ಕಥೆಯನ್ನು ನಾವು ಹೆಮ್ಮೆಗೆ ಬಳಸಿದೆವು, ಪಾಠಕ್ಕೆ ಬಳಸಲಿಲ್ಲ. ಹಳಬರು ಹೀಗೆ ಅಂಜುತ್ತಿರಲಿಲ್ಲ. ಶಾರ್ಙ್ಗದೇವ ವಾಗ್ಗೇಯಕಾರರನ್ನು ಉತ್ತಮ, ಮಧ್ಯಮ, ಅಧಮ ಎಂದು ವಿಂಗಡಿಸುತ್ತಾನೆ. ಹಾಡಿನ ಸಾಹಿತ್ಯ ‘ಮಾತು’, ಅದರ ಸಂಗೀತ ‘ಧಾತು’. ಧಾತು ಗಟ್ಟಿಯಾಗಿದ್ದು ಮಾತು ಸೊರಗಿದರೆ ಮಧ್ಯಮ. ಮಾತು ರಮ್ಯವಾಗಿದ್ದು ಧಾತು ಸೊರಗಿದರೆ ಅಧಮ. ಬೇರೆಯವರ ಧಾತುವಿಗೆ ತನ್ನ ಮಾತು ಕೂರಿಸುವವನಿಗೂ ಒಂದು ಹೆಸರಿಟ್ಟಿದ್ದಾನೆ: ಕುಟ್ಟಿಕಾರ.

ಈ ಹೆಸರು ಈಗ ಕೆಲಸಕ್ಕೆ ಬರುತ್ತದೆ. ನಾಲ್ಕು ಸಾಲು ಬರೆದುಕೊಟ್ಟರೆ ಕೃತಕ ಬುದ್ಧಿಮತ್ತೆ ನಿಮಿಷದೊಳಗೆ ಹಾಡು ಮಾಡಿಕೊಡುವ ಕಾಲವಿದು. ಮಾತು ನಮ್ಮದು, ಧಾತು ಯಂತ್ರದ್ದು. ಶಾರ್ಙ್ಗದೇವನ ಲೆಕ್ಕದಲ್ಲಿ ನಾವೆಲ್ಲ ಕುಟ್ಟಿಕಾರರು. 1957ರಲ್ಲಿ ಬೆಲ್ ಪ್ರಯೋಗಾಲಯದ ಮ್ಯಾಕ್ಸ್ ಮ್ಯಾಥ್ಯೂಸ್ ಕಂಪ್ಯೂಟರಿನಿಂದ 17 ಸೆಕೆಂಡಿನ ಸಂಗೀತ ಹೊರಡಿಸಿದಾಗ ಪ್ರತಿಯೊಂದು ಸ್ವರವನ್ನೂ ಮನುಷ್ಯ ಹೇಳಿಕೊಡಬೇಕಿತ್ತು. ಈಗ ಏನೂ ಹೇಳಿಕೊಡಬೇಕಿಲ್ಲ. ಆದ್ದರಿಂದಲೇ ಇದು ಇಲ್ಲಿ ಯಾಕೆ ಹೀಗಿದೆ ಎಂದು ಕೇಳುವ ಕಿವಿ ಎಂದಿಗಿಂತ ಹೆಚ್ಚು ಬೇಕಾಗಿದೆ. ಕೇಳುವವರಿಲ್ಲದಿದ್ದರೆ ಮಳೆಯ ಸದ್ದು ಹಿಡಿಯಲು ಸೂರಿನ ಕೆಳಗೆ ಕೂರುವ ಹುಡುಗ ನಾಳೆ ಯಾಕೆ ಕೂತಾನು?

ಪ್ಯಾರಿಸ್ಸಿನ ಸಂಸ್ಥೆಯೇ ಹಾಸನಕ್ಕೆ ಬರಬೇಕಾಗಿಲ್ಲ. ಏಪ್ರಿಲ್ ಕೊನೆಯ ಹತ್ತು ದಿನ, ಒಂದು ಕೋಣೆ, ಎರಡು ಒಳ್ಳೆಯ ಸ್ಪೀಕರ್, ನಾಲ್ಕು ಲ್ಯಾಪ್‌ಟಾಪ್. ರುದ್ರಪಟ್ಟಣದ ಪರಂಪರೆಯಲ್ಲಿ ಪಳಗಿದ ಒಬ್ಬ ಗಾಯಕ, ಒಬ್ಬ ಮೃದಂಗದವರು, ಸೋಬಾನೆ ಬಲ್ಲ ಒಬ್ಬ ಅಜ್ಜಿ. ಪ್ರಮಾಣಪತ್ರ ಬೇಡ, ಸಮಾರೋಪದ ಶಾಲು ಬೇಡ. ದಿನಕ್ಕೆ ಎರಡು ಅರೆಬರೆ ರಚನೆ ಕೇಳುವುದು, ಎರಡನೇ ಸಲ ಕೇಳುವುದು, ಆಮೇಲೆ ಬಾಯಿ ಬಿಡುವುದು. ‘ಚೆನ್ನಾಗಿದೆ’ ಎನ್ನುವ ಮಾತಿಗೆ ಮಾತ್ರ ಅಲ್ಲಿ ನಿಷೇಧ.

ಆ ಹುಡುಗನ ರಚನೆಯನ್ನು ನಾನು ಮತ್ತೆ ಕೇಳಿಸಿಕೊಂಡೆ. ಅವತ್ತು ಹೇಳಬೇಕಿದ್ದದ್ದು ಇಷ್ಟೇ: ಮಳೆ ನಿಂತ ಮೇಲೆ ಅಜ್ಜಿಯ ದನಿ ಹುಟ್ಟುವವರೆಗೆ ಅಲ್ಲೊಂದು ಮೌನ ಬರಬೇಕಿತ್ತಪ್ಪ, ನೀನು ಹೆದರಿ ಅದನ್ನು ತುಂಬಿಸಿದ್ದೀಯ. ತೆಗೆದುಹಾಕು. ಸೂರಿನಿಂದ ಕೊನೆಯ ಹನಿ ತೊಟ್ಟಿಕ್ಕಿದ್ದು ಕೇಳಲಿ.