ಬೆಳ್ಳಿಯ ಮೇಲಿನ ಹೆಸರು

ಬಾಂದ್ರಾದ ನಮ್ಮ ಸ್ನೇಹಿತರೊಬ್ಬರು ಚೋರ್ ಬಜಾರಿನಿಂದ ಚಹಾದ ಕೆಟಲೊಂದನ್ನು ತಂದಿದ್ದಾರೆ. “ಯಾವುದೋ ಇಂಗ್ಲಿಷ್ ದೊರೆಯ ಮನೆಯದ್ದಂತೆ!” ಎಂದು ಹೆಮ್ಮೆಯಿಂದ ತೋರಿಸಿದರು. ಬುಡ ತಿರುಗಿಸಿ ನೋಡಿದೆವು: ಇ.ಪಿ.ಎನ್.ಎಸ್. ಅಂದರೆ ತಾಮ್ರ, ಸತು, ನಿಕಲ್ ಬೆರೆತ ಲೋಹಕ್ಕೆ ವಿದ್ಯುತ್ತಿನಿಂದ ಕೊಟ್ಟ ಬೆಳ್ಳಿಯ ಲೇಪ. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಪೇಟೆಂಟ್ ಪಡೆದ ಈ ವಿಧಾನ, ಸಿರಿವಂತರ ಮೇಜಿನ ಠೀವಿಯನ್ನು ಸಾಮಾನ್ಯರ ಮನೆಗೂ ತಂದಿತು.

ಅಸಲಿ ಇಂಗ್ಲಿಷ್ ಬೆಳ್ಳಿಯಾದರೋ ತನ್ನ ಜಾತಕವನ್ನು ತಾನೇ ಹೊತ್ತಿರುತ್ತದೆ. ನಡೆಯುವ ಸಿಂಹದ ಮುದ್ರೆಯಿದ್ದರೆ ಸಾವಿರದಲ್ಲಿ 925 ಪಾಲು ಬೆಳ್ಳಿ. ಚಿರತೆಯ ತಲೆ ಲಂಡನ್ನಿನ ಗುರುತು, ಲಂಗರು ಬರ್ಮಿಂಗ್‌ಹ್ಯಾಮಿನದು. ಒಂದು ಅಕ್ಷರ ವರ್ಷವನ್ನು ಹೇಳಿದರೆ ಮತ್ತೊಂದು ಮುದ್ರೆ ಮಾಡಿದವರನ್ನು ಹೇಳುತ್ತದೆ. 1761ರಲ್ಲಿ ಲಂಡನ್ನಿನಲ್ಲಿ ಸ್ವಂತ ಮುದ್ರೆ ನೋಂದಾಯಿಸಿದ ಹೆಸ್ಟರ್ ಬೇಟ್‌ಮನ್ ಓದುಬರಹ ಬಾರದ ವಿಧವೆ. ನುಣುಪಾದ ಮೈ, ಅಂಚಿಗೊಂದು ಮಣಿಸಾಲು; ಅವಳ ಕಾರ್ಖಾನೆಯ ಪಾತ್ರೆಗಳ ಚೆಲುವು ಆ ಮಿತಿಯಲ್ಲೇ ಇದೆ.

ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ 1922ರಲ್ಲಿ ಬ್ರಿಟಿಷ್ ಯುವರಾಜನ ಭೇಟಿಗೆಂದು ಲಂಡನ್ನಿನಲ್ಲಿ ಮಾಡಿಸಿದ ಊಟದ ಸೆಟ್ಟಿನಲ್ಲಿ ಸುಮಾರು 1,400 ಸಾಮಾನುಗಳು, ಚಿನ್ನದ ನೀರು ಹಾಯಿಸಿದ ಬೆಳ್ಳಿಯವು. 2013ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಅದಕ್ಕೆ ಸುಮಾರು 20 ಲಕ್ಷ ಪೌಂಡ್ ಬಂತು. ಅದರ ಮಾತು ಬಂದಾಗಲೆಲ್ಲ ಅರಸ, ಅತಿಥಿ, ಬೆಲೆ ಇವೇ ಕೇಳಿಬರುತ್ತವೆ; ಬಡಿದು ಕೆತ್ತಿದ ಕೈಗಳ ಸುದ್ದಿಯೇ ಇಲ್ಲ. ವೈಭವ ನಿಜ. ಆದರೆ ಒಡೆಯನ ಬಿರುದು ಕಲೆಗೆ ಅಳತೆಗೋಲಾಗಬಾರದು ಎಂಬುದು ನಮ್ಮ ಅಭಿಪ್ರಾಯ. ನಮ್ಮ ಸ್ನೇಹಿತರು ಮೋಸಹೋದದ್ದೂ ಆ ಬಿರುದಿಗೇ.

ಇನ್ನು ನಮ್ಮ ಮನೆಗಳ ಮಾತು. ಊರಿನಿಂದ ಬಂದ ಪಂಚಪಾತ್ರೆ, ಗಂಧದ ಬಟ್ಟಲು, ಮಗುವಿಗೆ ಹಾಲು ಕುಡಿಸುವ ಒಳಲೆ: ಇವುಗಳ ಮೇಲೆ ಕೊಟ್ಟವರ ಹೆಸರು ಇದ್ದರೆ ಇದ್ದೀತು, ಮಾಡಿದ ಅಕ್ಕಸಾಲಿಗನದು ಇರುವುದಿಲ್ಲ. ಮನೆ ಕೊಳ್ಳುವಾಗ, ಮದುವೆ ಮಾಡುವಾಗ ತಕ್ಕಡಿಗೆ ಹಾಕುತ್ತೇವೆ. ಇದರಲ್ಲಿ ನಾಚಿಕೆಯೇನಿಲ್ಲ; 1640ರ ದಶಕದ ಅಂತರ್ಯುದ್ಧದಲ್ಲಿ ಇಂಗ್ಲೆಂಡಿನ ದೊಡ್ಡ ಮನೆತನಗಳ ಬೆಳ್ಳಿಯೂ ಸೈನಿಕರ ಸಂಬಳಕ್ಕಾಗಿ ಕರಗಿತ್ತು. ನಮ್ಮ ಮನೆಯ ಒಳಲೆಯೂ ಹೀಗೇ ಹೋಯಿತು. ಅದು ಮೊದಲು ಯಾವ ಮಗುವಿನ ಬಾಯಿಗೆ ಹಾಲೆರೆಯಿತೆಂದು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ.

ಓದುಗರಲ್ಲಿ ನಮ್ಮ ಕೋರಿಕೆ ಇಷ್ಟೆ. ಮಾರುವುದಾದರೆ ಮಾರಿ. ಅದಕ್ಕೆ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು, ಯಾವ ಊರಿನದು, ಯಾರು ಮಾಡಿದ್ದು, ಯಾರಿಗೆ ಬಂದದ್ದು ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ.