ಅಪೆಂಡಿಸೈಟಿಸ್: ಏರುರೇಖೆಯೊಂದರ ವಿಮರ್ಶೆ

1990ರಿಂದ ಈಚಿನ ಜಾಗತಿಕ ರೋಗಭಾರದ ಅಂದಾಜುಗಳನ್ನು ಮುಂದಿಟ್ಟುಕೊಂಡು, ಅಪೆಂಡಿಸೈಟಿಸ್ ನಮ್ಮಲ್ಲಿ ಹೆಚ್ಚುತ್ತಲಿದೆಯೆನ್ನುವವರುಂಟು. ಇತಿಹಾಸದ ವಿದ್ಯಾರ್ಥಿಗೆ ಈ ನಿರ್ಣಯ ಅವಸರದ್ದೆಂದು ತೋರುತ್ತದೆ. ರೋಗಕ್ಕೆ ಈ ಹೆಸರು ಬಂದುದೇ 1886ರಲ್ಲಿ, ಅಮೆರಿಕೆಯ ವೈದ್ಯ ಫಿಟ್ಜ್‌ನಿಂದ. ಮುಂಬಯಿ ಇಲಾಖೆಯಲ್ಲಿದ್ದ ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಮರಣಕಾರಣವನ್ನು ಬರೆಯಿಸುತ್ತಿದ್ದವರು ವೈದ್ಯರಲ್ಲ, ಊರಿನ ಅಧಿಕಾರಿಗಳು. ಅವರ ಮುಂದಿದ್ದ ಕಲಮುಗಳೂ ಕಾಲರಾ, ಸಿಡುಬು, ಪ್ಲೇಗು, ಜ್ವರ, ಭೇದಿ ಮೊದಲಾದ ಕೆಲವೇ. ಅಪೆಂಡಿಕ್ಸ್ ಒಡೆದು ಸತ್ತವನು ಜ್ವರದಲ್ಲಿಯೋ ‘ಇತರ ಕಾರಣ’ಗಳಲ್ಲಿಯೋ ಅಡಗಿಹೋಗಿರಬೇಕು. 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಸ್ಥಾಪನೆಯಾದಾಗ ಶಸ್ತ್ರಕ್ರಿಯೆ ಈ ಸೀಮೆಗೆ ಹತ್ತಿರವಾಯಿತು. ಹಿಂದೆ ಕಾಣದ ರೋಗ ಕಾಣತೊಡಗಿತು. ನಾರಿನಂಶ ಕಡಿಮೆಯಾದ ಆಹಾರವೇ ಮೂಲವೆಂಬ ಬರ್ಕಿಟ್‌ನ 1971ರ ವಾದ ಜೋಳದ ರೊಟ್ಟಿಯ ನಾಡಿನವರಾದ ನಮಗೆ ಹಿತವೆನಿಸುವುದು ಸಹಜವೇ! ಆದರೆ ರೊಟ್ಟಿಯ ಕಾಲದ ರೋಗಿಗಳನ್ನು ಎಣಿಸಿದವರಾರು? ಆಸ್ಪತ್ರೆಯ ಶಸ್ತ್ರಕ್ರಿಯಾ ದಫ್ತರಗಳಿಂದ, ಒಡೆದ ಮೇಲೆ ಬಂದವರೆಷ್ಟು, ಒಡೆಯುವ ಮುನ್ನ ಬಂದವರೆಷ್ಟು ಎಂಬುದನ್ನು ದಶಕವಾರು ತೆಗೆಯುವುದು ಮೊದಲ ಕೆಲಸ.